ಬಿಡಾರದ ಹೊಣೆ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಏರಿಯ ಮೇಲೆ ನಿಂತವನಿಗೆ ಕೆರೆ ಎಂಬ ಮಾತೇ ಕಿರಿದಾಗಿ ತೋರುತ್ತದೆ. ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಏರಿ ಉದ್ದದಲ್ಲಿ ದೊಡ್ಡದಲ್ಲ. ಅದು ತಡೆದು ನಿಲ್ಲಿಸಿದ ನೀರಿನ ಸುತ್ತಳತೆ ಮಾತ್ರ ಸುಮಾರು 30 ಕಿಲೋಮೀಟರು. ಶಾಂತಿಸಾಗರ ಎಂಬುದು ಇದರ ಇನ್ನೊಂದು ಹೆಸರು. ಕಟ್ಟಿಸಿದವಳು ರಾಜಪುತ್ರಿ ಶಾಂತವ್ವೆ. ನೀರು ನಿಲ್ಲಬೇಕಾದ ನೆಲ ಗಣಿಕೆಯರದು. ಕೆರೆಗೆ ತಮ್ಮ ಹೆಸರು ಉಳಿಯಬೇಕೆಂಬ ಕರಾರಿನ ಮೇಲೆ ಅವರು ಆ ನೆಲವನ್ನು ಬಿಟ್ಟುಕೊಟ್ಟರು ಎಂದು ಐತಿಹ್ಯ ಹೇಳುತ್ತದೆ. ಇದರಲ್ಲಿ ದಿಟವೆಷ್ಟು, ಕಲ್ಪನೆಯೆಷ್ಟು ಎಂಬುದು ಬೇರೆಯ ಪ್ರಶ್ನೆ. ನೀರೇ ಆಗಲಿ, ಜನರೇ ಆಗಲಿ, ಒಂದೆಡೆ ನಿಲ್ಲಬೇಕಾದರೆ ಯಾರೋ ಒಬ್ಬರು ಮೊದಲು ಎಡೆ ಮಾಡಿಕೊಡಬೇಕಾಗುತ್ತದೆ ಎಂಬುದನ್ನು ಜನಪದರು ಅರಿತಿದ್ದರೆಂಬುದಂತೂ ಸ್ಪಷ್ಟ.

ಈ ಸೀಮೆ ಪಯಣಿಗರಿಗೆ ಹೊಸದಲ್ಲ. ಕೆರೆಗೆ ಸಮೀಪದ ಸಂತೇಬೆನ್ನೂರಿನಲ್ಲಿ ಹದಿನಾರನೆಯ ಶತಮಾನದ ಪುಷ್ಕರಣಿಯೊಂದಿದೆ. ಅದರ ಮಗ್ಗುಲಲ್ಲಿರುವ ಕಟ್ಟಡವನ್ನು ಜನರು ಇಂದಿಗೂ ಮುಸಾಫಿರ್‌ಖಾನೆ ಎಂದೇ ಕರೆಯುತ್ತಾರೆ. ಜಾತ್ರೆಗೆ ಹೊರಟ ಕಮಾನುಬಂಡಿಗಳು ಸಾಲುಗಟ್ಟಿ ಸಾಗಿ, ನೀರಿದ್ದೆಡೆ ಕೊರಳು ಬಿಚ್ಚಿ, ಮೂರು ಕಲ್ಲಿನ ಒಲೆ ಹೂಡುತ್ತಿದ್ದುದು ಮೊನ್ನೆಮೊನ್ನೆಯವರೆಗಿನ ಮಾತು. ಆದರೆ ಬಂಡಿಗಳ ಸಾಲಿನಲ್ಲಿಯೇ ಬಾಳನ್ನು ಕಟ್ಟಿಕೊಂಡವರು ಬಂಜಾರರು. ಈಗ ಅವರ ಹಳ್ಳಿಗೆ ತಾಂಡಾ ಎನ್ನುತ್ತೇವೆ. ಹಿಂದೆ ಆ ಮಾತಿಗೆ ನಿಂತ ಊರೆಂಬ ಅರ್ಥವಿರಲಿಲ್ಲ. ಉಪ್ಪನ್ನೂ ದವಸವನ್ನೂ ಹೇರಿಕೊಂಡು ಸಾವಿರಾರು ಎತ್ತುಗಳೊಡನೆ ನಡೆಯುತ್ತಿದ್ದ ತಂಡವೇ ತಾಂಡಾ. 1791-92ರಲ್ಲಿ ಶ್ರೀರಂಗಪಟ್ಟಣದತ್ತ ಸಾಗಿದ ಕಾರ್ನ್‌ವಾಲಿಸನ ಸೈನ್ಯಕ್ಕೆ ಧಾನ್ಯ ಒದಗಿಸಿದವರಲ್ಲಿ ಇವರೂ ಇದ್ದರು. ಸಂಜೆಯಾಗುತ್ತಲೆ ಹೇರು ಇಳಿಸಿ, ಗೋಣಿಗಳನ್ನು ಗೋಡೆಯಂತೆ ಒಟ್ಟಿ, ಆ ಕೋಟೆಯೊಳಗೆ ರಾತ್ರಿ ಕಳೆಯುತ್ತಿದ್ದರು. ಎಲ್ಲಿ ತಂಗಬೇಕು, ದನಗಳಿಗೆ ಮೇವು ನೀರು ಎಲ್ಲಿ, ಜಗಳವಾದರೆ ತೀರಿಸುವುದು ಹೇಗೆ ಎಂಬ ಚಿಂತೆಯೆಲ್ಲ ನಾಯಕನದು. ಆತನ ಹಿರಿಮೆ ಮುಂದೆ ನಡೆಯುವುದರಲ್ಲಿ ಎಷ್ಟಿತ್ತೋ, ಎಲ್ಲರೂ ಮಲಗಿದ ಮೇಲೆ ಮಲಗುವುದರಲ್ಲಿಯೂ ಅಷ್ಟೇ ಇತ್ತು.

ರೈಲು ಬಂದು ಹೇರೆತ್ತುಗಳ ವ್ಯಾಪಾರ ಮುರಿಯಿತು. 1871ರ ಕಾಯಿದೆ ಅಲೆಮಾರಿ ಪಂಗಡಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬಗೆಯಿತು; ಬಂಜಾರರ ಕೆಲವು ಗುಂಪುಗಳೂ ಆ ಕಳಂಕವನ್ನು ಹೊರಬೇಕಾಯಿತು. ಅದು ರದ್ದಾದದ್ದು 1952ರಲ್ಲಿ. ಇದೇ ಅವಧಿಯಲ್ಲಿ, ಕಾಯಿದೆ ಮಾಡಿದವರ ನಾಡಿನಲ್ಲಿ, ಬಂಡಿಯಲ್ಲಿ ಅಲೆಯುವುದು ಸಿರಿವಂತರ ವಿನೋದವಾಗಿ ಪರಿಣಮಿಸಿದ್ದು ವಿಚಿತ್ರವಲ್ಲವೆ? 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯರು ಕುದುರೆ ಎಳೆಯುವ ಮನೆಯಂಥ ಬಂಡಿಯೊಂದನ್ನು ಮಾಡಿಸಿ ‘ವಾಂಡರರ್’ ಎಂದು ಹೆಸರಿಟ್ಟು ಇಂಗ್ಲೆಂಡನ್ನು ಸುತ್ತಿದರು. 1907ರಲ್ಲಿ ಅಂಥವರ ಕ್ಯಾರವಾನ್ ಸಂಘವೇ ಹುಟ್ಟಿತು. ಅದೇ ಅಲೆದಾಟ ಒಬ್ಬನಿಗೆ ಅಪವಾದ ತಂದಿತು, ಇನ್ನೊಬ್ಬನಿಗೆ ಗೌರವ ತಂದಿತು.

ಆದರೂ ಆ ಸಂಘಗಳಿಂದ ಕಲಿಯತಕ್ಕದ್ದೊಂದಿದೆ. ಅವುಗಳ ಸದಸ್ಯರು ವಾರದ ಕೊನೆಯಲ್ಲಿ ಯಾವುದಾದರೂ ಬಯಲಿನಲ್ಲಿ ಕೂಡುತ್ತಾರೆ. ಪ್ರತಿಯೊಂದು ಕೂಟಕ್ಕೂ ಸದಸ್ಯನೊಬ್ಬ ತಾನಾಗಿ ಮುಂದೆ ಬಂದು ಆತಿಥೇಯನಾಗುತ್ತಾನೆ, ಸಂಬಳವಿಲ್ಲ, ಸಾರಿಗೆಯಿಲ್ಲ. ಹೊಲದೊಡೆಯನ ಒಪ್ಪಿಗೆ ಪಡೆಯುವುದು, ಕುಡಿಯುವ ನೀರಿನ ಏರ್ಪಾಡು, ಬೆಂಕಿ ಹರಡದಂತೆ ಒಂದು ಗಾಡಿಗೂ ಇನ್ನೊಂದಕ್ಕೂ 6 ಮೀಟರು ಅಂತರವಿಟ್ಟು ಗುರುತು ಹಾಕುವುದು, ಹೊಸಬರನ್ನು ಹಳಬರಿಗೆ ಪರಿಚಯಿಸುವುದು, ಕಡೆಗೆ ಬಯಲನ್ನು ಇದ್ದಂತೆಯೇ ಒಪ್ಪಿಸುವುದು—ಇವೆಲ್ಲ ಅವನ ಪಾಲಿನವು. ಅಲ್ಲಿಯ 1960ರ ಕಾಯಿದೆ, ಮಾನ್ಯತೆ ಪಡೆದ ಸಂಘಗಳಿಗೆ ಐದು ದಿನ ಮೀರದ ಕೂಟಗಳನ್ನು ಪ್ರತ್ಯೇಕ ಪರವಾನಗಿಯಿಲ್ಲದೆ ನಡೆಸಲು ಅವಕಾಶ ಕೊಟ್ಟಿದೆ. ಇಂಥ ರಿಯಾಯಿತಿ ಬಾಳುವುದು ಹೆಸರಿಲ್ಲದ ಆ ಆತಿಥೇಯರ ಶಿಸ್ತಿನಿಂದ. ಒಬ್ಬನು ಬಯಲನ್ನು ಕೊಳಕು ಮಾಡಿ ಹೊರಟರೆ, ಮರುವರ್ಷ ಆ ಹೊಲದ ಬಾಗಿಲು ಎಲ್ಲರಿಗೂ ಮುಚ್ಚುತ್ತದೆ.

ಇಂಥ ಕೆಲಸಕ್ಕೆ ಕೈ ಎತ್ತುವವರು ಎಲ್ಲ ನಾಡಿನಲ್ಲಿಯೂ ವಿರಳ. ಊಟಕ್ಕೆ ನೂರು ಜನ, ಎಲೆ ಎತ್ತಲು ಮೂವರು ಎಂಬುದು ನಮ್ಮ ಮದುವೆಮನೆಗಳಲ್ಲಿಯೂ ಕಾಣುವ ನೋಟವೇ. ಹಣ ಕೊಟ್ಟರೆ ಮಾಡುವವರಿದ್ದಾರಲ್ಲ, ಸ್ವಯಂಸೇವಕನೇಕೆ ಎಂದು ಕೇಳುವವರುಂಟು. ವಾದ ಬರಿದಲ್ಲ. ಗುತ್ತಿಗೆದಾರನು ಶಾಮಿಯಾನ ಹಾಕಿಸಬಲ್ಲ, ನೀರು ತರಿಸಬಲ್ಲ. ಆದರೆ ಮೊದಲ ಸಲ ಬಂದು ಗುಂಪಿನ ಅಂಚಿನಲ್ಲಿ ಸಂಕೋಚದಿಂದ ನಿಂತ ಕುಟುಂಬವನ್ನು ಗುರುತಿಸಿ ಕರೆಯುವ ಕಣ್ಣು ಅವನ ಲೆಕ್ಕಪತ್ರದಲ್ಲಿ ಇರುವುದಿಲ್ಲ. ಆತಿಥೇಯರಲ್ಲಿಯೂ ದೋಷವಿಲ್ಲವೆಂದಲ್ಲ. ಹತ್ತು ವರ್ಷ ಹೊಣೆ ಹೊತ್ತವನು ಅದನ್ನು ತನ್ನ ಗದ್ದುಗೆಯೆಂದು ಭಾವಿಸಿ, ಕಿರಿಯರ ಸಲಹೆಗೆ ಹುಬ್ಬು ಗಂಟಿಕ್ಕುವುದುಂಟು. ಆದುದರಿಂದ ಹೊಣೆ ಕೈಯಿಂದ ಕೈಗೆ ಸಾಗುವುದೇ ಲೇಸು: ಮೊದಲ ಕೂಟಕ್ಕೆ ಅತಿಥಿಯಾಗಿ ಬಂದವನು ಎರಡನೆಯದರಲ್ಲಿ ಹಿರಿಯನೊಬ್ಬನ ಜೊತೆಗೆ ದುಡಿಯಲಿ, ಮೂರನೆಯದನ್ನು ತಾನೇ ನಡೆಸಲಿ.

ಇದಕ್ಕೆ ಮಾದರಿಯನ್ನು ದೂರದಲ್ಲಿ ಅರಸಬೇಕಿಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳವೆಂದು ಕರ್ನಾಟಕದ ಬಂಜಾರರ ನಂಬಿಕೆ. ಅವರು 1739ರಲ್ಲಿ ಜನಿಸಿದರೆನ್ನುತ್ತಾರೆ. ಪ್ರತಿವರ್ಷ ಫೆಬ್ರವರಿಯ ನಡುವಿನಲ್ಲಿ ನಡೆಯುವ ಜಯಂತಿಗೆ ದೂರದೂರದ ತಾಂಡಾಗಳಿಂದ ಮಾಲೆ ಧರಿಸಿದ ಭಕ್ತರು ನಡೆದೇ ಬರುತ್ತಾರೆ. ದಾರಿಯಲ್ಲಿ ಅವರಿಗೆ ನೀರು, ಮಜ್ಜಿಗೆ, ಅನ್ನ ನೀಡುವವರಿದ್ದಾರೆ. ಒಂದು ಕಾಲಕ್ಕೆ ಊರ ಹೊರಗೆ ಸಂಶಯದಿಂದ ನಿಲ್ಲಿಸಲ್ಪಟ್ಟ ಜನ ಇಂದು ಲಕ್ಷಾಂತರ ಮಂದಿಯನ್ನು ಬರಮಾಡಿಕೊಳ್ಳುತ್ತಿದ್ದಾರೆ.

ಸೂಳೆಕೆರೆಗೂ ರಜೆಯ ದಿನಗಳಲ್ಲಿ ಗೆಳೆಯರ ಗುಂಪುಗಳು, ಶಾಲೆಯ ಮಕ್ಕಳು, ಕುಟುಂಬಗಳು ಬರುವುದುಂಟು. ಸಿದ್ಧೇಶ್ವರನ ಗುಡಿಯ ಬಳಿ ಬುತ್ತಿ ಬಿಚ್ಚಿ ಉಣ್ಣುವುದು ಸುಖದ ಸಂಗತಿ. ಆ ಗುಂಪಿನಲ್ಲಿ ಹೊರಡುವ ಮುನ್ನವೇ ‘ಈ ಸಲ ನನ್ನ ಪಾಳಿ’ ಎಂದವನೊಬ್ಬನಿದ್ದರೆ, ಚಿಕ್ಕಮಕ್ಕಳು ನೀರಿನಂಚಿಗೆ ಹೋಗದಂತೆ ಕಾಯುವವರು ಯಾರು, ಕಸದ ಚೀಲ ಎಲ್ಲಿ ಎಂಬುದು ಮೊದಲೇ ಗೊತ್ತಾಗಿರುತ್ತದೆ. ಇಲ್ಲದಿದ್ದರೆ ಸಂಜೆ ಗಾಡಿ ಹೊರಟ ಮೇಲೆ ಎಲೆ, ಕಾಗದ, ಪ್ಲಾಸ್ಟಿಕ್ಕು ದಂಡೆಯಲ್ಲಿಯೇ ಉಳಿದು, ಗಾಳಿಗೆ ನೀರಿಗಿಳಿಯುತ್ತವೆ. ಸಿದ್ಧನಾಲೆ, ಬಸವನಾಲೆಗಳ ಮೂಲಕ ಸಾವಿರಾರು ಎಕರೆ ಗದ್ದೆ ತೋಟಗಳಿಗೆ ಹರಿದುಹೋಗುವುದು ಅದೇ ನೀರು.