‘ಚೋಮನ ದುಡಿ’ ಮಕ್ಕಳಿಗೆ ತೋರಿಸಬಹುದಾ?

ರಜೆ ಬಂತೆಂದರೆ ಮನೆಯಲ್ಲಿ ಟೀವಿ, ಮೊಬೈಲ್‌ಗಳದ್ದೇ ದರಬಾರು. ಏನು ನೋಡಬೇಕು, ಏನು ನೋಡಬಾರದು ಅನ್ನುವ ಜಗ್ಗಾಟದಲ್ಲಿ ಅಮ್ಮಂದಿರು ಸುಸ್ತು. ರಕ್ತ ಚೆಲ್ಲಾಡುವ ಸಿನಿಮಾ ಬೇಡ, ಅರೆಬರೆ ಬಟ್ಟೆಯ ಹಾಡು ಬೇಡ ಎಂದು ರಿಮೋಟ್ ಕಿತ್ತುಕೊಳ್ಳಲು ನಮಗೇನೂ ಅನುಮಾನವಿಲ್ಲ. ಆದರೆ ಸಿನಿಮಾ ಒಳ್ಳೆಯದು, ಪ್ರಶಸ್ತಿ ಬಂದಿದೆ, ಹೆಸರಾಂತ ಕಾದಂಬರಿ ಆಧರಿಸಿದ್ದು, ಅದರಲ್ಲಿರುವುದು ಮಾತ್ರ ಜಾತಿಯ ವಿಷಯ ಅಂದರೆ? ಆಗ ನಾವು ತಡವರಿಸುತ್ತೇವೆ. ‘ಈಗಲೇ ಯಾಕೆ, ದೊಡ್ಡವರಾದ ಮೇಲೆ ತಾವೇ ನೋಡ್ಕೊಳ್ತಾರೆ ಬಿಡು’ ಅಂದುಬಿಡುತ್ತೇವೆ.

ಶಿವರಾಮ ಕಾರಂತರು ‘ಚೋಮನ ದುಡಿ’ ಬರೆದದ್ದು 1933ರಲ್ಲಿ. ಬಿ.ವಿ. ಕಾರಂತರು ಅದನ್ನು 1975ರಲ್ಲಿ ಸಿನಿಮಾ ಮಾಡಿದರು. ಆ ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂತು, ಚೋಮನಾಗಿದ್ದ ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿ. ಚೋಮನದು ದೊಡ್ಡ ಆಸೆಯೇನಲ್ಲ. ಕಾಡಿನಲ್ಲಿ ಸಿಕ್ಕ ಎರಡು ಎತ್ತುಗಳನ್ನು ಸಾಕಿದ್ದಾನೆ, ಅವನ್ನು ಕಟ್ಟಿ ಉಳಲು ತುಂಡು ಭೂಮಿ ಬೇಕು. ಅವನ ಜಾತಿಗೆ ಬೇಸಾಯ ಕೂಡದು. ಕಾದಂಬರಿಯಲ್ಲಿ ಒಡೆಯ ಸಂಕಪ್ಪಯ್ಯ ಸ್ವಲ್ಪ ಮನಸ್ಸು ಮಾಡಿದರೂ ಅವನ ತಾಯಿ ಸುತರಾಂ ಒಪ್ಪುವುದಿಲ್ಲ. (ಅಡ್ಡ ನಿಂತವಳು ಮನೆಯ ಹಿರಿಯ ಹೆಂಗಸು ಅನ್ನುವುದನ್ನು ನಾವು, ಹೆಂಗಸರು, ಗಮನಿಸಬೇಕು.)

ತೋರಿಸುವುದು ಬೇಡ ಅನ್ನುವವರು ಹೇಳುವ ಕಾರಣ ಸಾಮಾನ್ಯವಾಗಿ ಎರಡು. ಮಕ್ಕಳು ಹೆದರುತ್ತಾರೆ, ಅಳುತ್ತಾರೆ ಅನ್ನುವುದು ಒಂದು. ಜಾತಿಯೇ ಗೊತ್ತಿಲ್ಲದ ಮಗುವಿಗೆ ನಾವೇ ಜಾತಿ ಕಲಿಸಿದಂತಾಗುತ್ತದೆ ಅನ್ನುವುದು ಇನ್ನೊಂದು.

ಮೊದಲನೆಯದಕ್ಕೆ ನನ್ನ ತವರಿನ ಮಾತು ಹೇಳುತ್ತೇನೆ. ನನ್ನ ತವರು ಶಿಕಾರಿಪುರ ತಾಲ್ಲೂಕಿನ ಈಸೂರು. 1942ರಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬರುವ ಐದು ವರ್ಷ ಮೊದಲೇ, ನಮ್ಮದು ಸ್ವತಂತ್ರ ಊರು ಎಂದು ಸಾರಿಕೊಂಡ ಹಳ್ಳಿ. ಊರಿನ ಚಿಕ್ಕ ಹುಡುಗರಿಬ್ಬರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಮಾಡಿ ಕೂರಿಸಿದ್ದರಂತೆ. ಆಮೇಲೆ ನಡೆದ ಗಲಾಟೆಯಲ್ಲಿ ನಿಜವಾದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರೂ ಸತ್ತರು. 1943ರ ಮಾರ್ಚ್‌ನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಿದರು, ಹೆಂಗಸರೂ ಜೈಲಿಗೆ ಹೋದರು. ಈ ಕತೆಯನ್ನು ನಾವು ಅಂಗನವಾಡಿಗೆ ಹೋಗುವ ವಯಸ್ಸಿನಿಂದ ಕೇಳಿದ್ದೇವೆ. ನಮ್ಮ ಮಕ್ಕಳನ್ನು ಹುತಾತ್ಮರ ಸ್ಮಾರಕದ ಹತ್ತಿರ ಕರೆದುಕೊಂಡು ಹೋಗಿ ನಾವೂ ಹೇಳಿದ್ದೇವೆ. ಊರು ಹೊಕ್ಕ ಪೊಲೀಸರು, ನೇಣು, ಸಾವು, ಯಾವುದನ್ನೂ ಮುಚ್ಚಿಡಲಿಲ್ಲ. ‘ಅಯ್ಯೋ, ಐದು ವರ್ಷದ ಕೂಸಿಗೆ ನೇಣಿನ ಕತೆ ಹೇಳ್ಬಹುದಾ’ ಎಂದು ಯಾವ ಅಜ್ಜಿಯೂ ಕೇಳಿದ್ದು ನನಗೆ ನೆನಪಿಲ್ಲ.

ನೇಣಿನ ಕತೆ ತಡೆದುಕೊಂಡ ಮಗು ಚೋಮನ ಕತೆ ತಡೆದುಕೊಳ್ಳುವುದಿಲ್ಲವೇ? ಈಸೂರಿನ ಕತೆಯಲ್ಲಿ ನಾವು ಎದೆಯುಬ್ಬಿಸುವ ಪಾರ್ಟಿ. ಚೋಮನ ಕತೆಯಲ್ಲಿ ನಮ್ಮಂಥವರ ಮನೆಯೇ ಆ ಕಡೆ ನಿಂತಿದೆ. ಹೆದರುವುದು ಮಗುವೋ ನಾವೋ, ನೀವೇ ಹೇಳಿ.

ಎರಡನೇ ಕಾರಣ, ಅಂದರೆ ಮಗುವಿಗೆ ಜಾತಿ ಗೊತ್ತಿಲ್ಲ ಅನ್ನುವ ಮಾತು, ನನಗೆ ಇನ್ನೂ ತಮಾಷೆ ಅನ್ನಿಸುತ್ತದೆ. ಕೆಲಸದವರ ಲೋಟ ಯಾವುದು, ಅದು ಎಲ್ಲಿ ಇರುತ್ತದೆ ಅನ್ನುವುದು ನಾಲ್ಕು ವರ್ಷದ ಮಗುವಿಗೆ ಗೊತ್ತು. ಕ್ಲಾಸಿನ ಗೆಳೆಯ ಮನೆಗೆ ಬಂದರೆ ಅಜ್ಜಿ ‘ಯಾವ ಪೈಕಿ ನೀನು, ಅಡ್ಡಹೆಸರೇನು’ ಎಂದು ಯಾಕೆ ಕೇಳಿದರು ಅನ್ನುವುದನ್ನೂ ಅದು ಊಹಿಸುತ್ತದೆ. ಅದಕ್ಕೆ ಗೊತ್ತಿಲ್ಲದ್ದು ಇದು ತಪ್ಪು ಅನ್ನುವುದು ಮಾತ್ರ. ಅದನ್ನು ನಾವು ಬಾಯಿಬಿಟ್ಟು ಹೇಳಿಲ್ಲ.

ಈ ಗೊಂದಲ ನಮ್ಮೊಬ್ಬರದೇ ಅಲ್ಲ. ಅಮೆರಿಕದಲ್ಲಿ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಎಂಬ 1962ರ ಹಳೆಯ ಸಿನಿಮಾ ಇದೆ. ಸುಳ್ಳು ಆರೋಪ ಹೊತ್ತ ಕರಿಯ ಮನುಷ್ಯನ ಪರ ಬಿಳಿಯ ವಕೀಲನೊಬ್ಬ ನಿಲ್ಲುವ ಕತೆ. ವಕೀಲನ ಮಕ್ಕಳೂ ಕೋರ್ಟಿನ ಮೇಲಿನ ಅಟ್ಟದಲ್ಲಿ ಕೂತು ನೋಡುತ್ತಾರೆ. ಅದರ ಕಾದಂಬರಿಯನ್ನು ಮಿಸಿಸಿಪ್ಪಿಯ ಬಿಲಾಕ್ಸಿ ಊರಿನಲ್ಲಿ 2017ರಲ್ಲಿ ಎಂಟನೇ ಕ್ಲಾಸಿನ ಪಾಠದಿಂದ ತೆಗೆದರು. ಅದರ ಭಾಷೆ ಜನರಿಗೆ ಮುಜುಗರ ತರುತ್ತದೆ ಅನ್ನುವುದೇ ಕಾರಣ.

ಹಾಗೆಂದು ಎಲ್ಲರೂ ಈಗಲೇ ಮಕ್ಕಳನ್ನು ಕೂರಿಸಿಕೊಂಡು ಹಾಕಿಬಿಡಿ ಎಂದು ನಾನು ಹೇಳುತ್ತಿಲ್ಲ. ಒಂದು ಬೇಸಿಗೆಯಲ್ಲಿ ತವರಿನ ಪಡಸಾಲೆಯಲ್ಲಿ ಚಿಕ್ಕಪ್ಪ ಇದೇ ಸಿನಿಮಾ ಹಾಕಿದ್ದರು. ನಮ್ಮ ಮಕ್ಕಳೆಲ್ಲ ಇದ್ದರು. ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸಿನ ಮಗಳೂ ಇದ್ದಳು, ಆಗ ಆರನೇ ಕ್ಲಾಸು. ಚೋಮನ ಹುಡುಗ ಹೊಳೆಯಲ್ಲಿ ಮುಳುಗುವ ಜಾಗ ಬಂತು. ದಡದಲ್ಲಿ ಜನ ಇದ್ದಾರೆ, ಮುಟ್ಟಬಾರದವನು ಎಂದು ಯಾರೂ ಎತ್ತುವುದಿಲ್ಲ. ನನ್ನ ಅಣ್ಣನ ಮಗ ‘ಅತ್ತೆ, ಈಜು ಬರೋರು ಒಬ್ರೂ ಇರ್ಲಿಲ್ವಾ?’ ಎಂದು ಕೇಳಿದ. ಅತ್ತಿಗೆ ಟೀವಿ ಆರಿಸಲು ಎದ್ದರು. ನಾನು ನೋಡಿದ್ದು ಆ ಹುಡುಗಿಯನ್ನು. ಅವಳು ಏನೂ ಕೇಳಲಿಲ್ಲ. ಜಮಖಾನದ ಅಂಚಿನ ದಾರ ಎಳೆಯುತ್ತಾ ತಲೆ ತಗ್ಗಿಸಿದ್ದಳು.

ಅವತ್ತಿನಿಂದ ನನ್ನ ಪ್ರಶ್ನೆ ಬದಲಾಯಿತು. ‘ಮಕ್ಕಳಿಗೆ ತೋರಿಸಬಹುದಾ’ ಅನ್ನುವಾಗ ಯಾವ ಮಕ್ಕಳಿಗೆ ಎಂದು ನಾವು ಕೇಳಿಕೊಳ್ಳುವುದೇ ಇಲ್ಲ. ನಮ್ಮ ಮಗ ಕಣ್ಣೀರು ಹಾಕಿ ಒಳ್ಳೆಯವನಾಗುತ್ತಾನೆ, ಸರಿ. ಪಕ್ಕದಲ್ಲಿ ಕೂತ ದಲಿತರ ಮನೆಯ ಮಗು ತನ್ನ ತಾತನಂಥವನು ಸೋತು ಸೋತು ಸಾಯುವುದನ್ನು ನಾಲ್ಕು ಜನರ ಮುಂದೆ ನೋಡಬೇಕು. ಎಲ್ಲರೂ ಕನಿಕರದಿಂದ ಅವಳ ಕಡೆ ತಿರುಗುತ್ತಾರೆ. ಆ ಕನಿಕರವನ್ನು ಅವಳೇನು ಕೇಳಿದ್ದಳೇ? ಹಾಗೆಂದು ಅವಳನ್ನು ಹೊರಗೆ ಕಳಿಸಿ ನೋಡುವುದು ಇನ್ನೂ ಕೆಟ್ಟದ್ದು.

ಅದಕ್ಕೇ ನನ್ನ ಅಭಿಪ್ರಾಯ ಇದು. ಜಾತಿಯ ಬಗ್ಗೆ ಮಕ್ಕಳಿಗೆ ಹೇಳುವಾಗ ಚೋಮ ಮೊದಲನೆಯವನಾಗಬಾರದು, ಒಬ್ಬನೇ ಆಗಲೂಬಾರದು. ಚೋಮನಿಗಿಂತ ಮೊದಲು ಅಂಬೇಡ್ಕರ್ ಬರಲಿ. ಶಾಲೆಯಲ್ಲಿ ಬಾಯಾರಿದರೂ ಆ ಹುಡುಗ ನಲ್ಲಿ ಮುಟ್ಟುವಂತಿರಲಿಲ್ಲ, ಜವಾನ ಬಂದು ತಿರುಗಿಸಬೇಕಿತ್ತು, ಜವಾನ ಬರಲಿಲ್ಲ ಅಂದರೆ ಅವತ್ತು ನೀರಿಲ್ಲ. ಕೂರಲು ಗೋಣಿತಟ್ಟನ್ನು ಮನೆಯಿಂದ ತರಬೇಕಿತ್ತು. ಇದನ್ನು ಅವರೇ ಬರೆದಿಟ್ಟಿದ್ದಾರೆ. ಆರೇಳು ವರ್ಷದ ಮಗುವಿಗೂ ಈ ಬಾಯಾರಿಕೆ ಅರ್ಥವಾಗುತ್ತದೆ. ಅದೇ ಹುಡುಗ ದೊಡ್ಡವನಾಗಿ ಸಂವಿಧಾನ ಬರೆಯುವ ಸಮಿತಿಗೆ ಅಧ್ಯಕ್ಷನಾದ, ಅಸ್ಪೃಶ್ಯತೆ ಇಲ್ಲ ಎಂದು ಅದೇ ಸಂವಿಧಾನದ 17ನೇ ವಿಧಿಯಲ್ಲಿದೆ ಎಂದರೆ ಯಾವ ಮಗುವೂ ತಲೆ ತಗ್ಗಿಸಬೇಕಾಗಿಲ್ಲ. ನಮ್ಮ ಕಡೆಯವರಿಗಂತೂ ಅಲ್ಲಮಪ್ರಭುವಿನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ಶಿಕಾರಿಪುರ ತಾಲ್ಲೂಕಿನಲ್ಲೇ ಇವೆ. ರಜೆಯಲ್ಲಿ ಹೋದಾಗ ಜಾತಿಯನ್ನು ಒಪ್ಪದ ಶರಣರ ಮಾತು ಅಲ್ಲಿಂದಲೇ ಶುರು ಮಾಡಬಹುದು.

ಇನ್ನು ಸಿನಿಮಾದ ವಿಷಯ. ಹತ್ತು ವರ್ಷದೊಳಗಿನವರಿಗೆ ಬೇಡವೇ ಬೇಡ. ಕಪ್ಪುಬಿಳುಪು, ನಿಧಾನ, ಅವರಿಗೆ ಬೇಜಾರೂ ಆಗುತ್ತದೆ. ಹನ್ನೊಂದು ಹನ್ನೆರಡಕ್ಕೆ ತೋರಿಸಬಹುದು, ಆದರೆ ಮೊದಲು ನೀವೊಬ್ಬರೇ ಪೂರ್ತಿ ನೋಡಿ. ನನಗೆ ಕಷ್ಟ ಅನ್ನಿಸಿದ್ದು ಜಾತಿಯ ಭಾಗ ಅಲ್ಲ, ಬೆಳ್ಳಿಯ ಭಾಗ. ಅಪ್ಪನ ಸಾಲಕ್ಕಾಗಿ ಕಾಫಿ ತೋಟಕ್ಕೆ ಹೋದ ಮಗಳನ್ನು ಅಲ್ಲಿಯವನೊಬ್ಬ ಬಳಸಿಕೊಳ್ಳುತ್ತಾನೆ. ಆ ಭಾಗ ಹದಿಮೂರು ದಾಟಿದ ಮಕ್ಕಳಿಗೆ ವಿವರಿಸಿ ಹೇಳಬಹುದು, ಚಿಕ್ಕವರಿಗೆ ಕಷ್ಟ. ಹೊಸ ಸಿನಿಮಾಗಳಿಗೆ 2024ರಿಂದ ಯು/ಎ 7+, 13+, 16+ ಎಂದು ವಯಸ್ಸು ನಮೂದಿಸುತ್ತಾರೆ, ಒಳ್ಳೆಯದೇ. ಆದರೆ ನಿಮ್ಮ ಮನೆಯ ಪಡಸಾಲೆಯಲ್ಲಿ ಯಾರ್‍ಯಾರು ಕೂತಿರುತ್ತಾರೆ ಎಂಬುದು ಯಾವ ಸರ್ಟಿಫಿಕೇಟಿನಲ್ಲೂ ಇರುವುದಿಲ್ಲ.

ಸಿನಿಮಾದಲ್ಲಿ ಜಾತಿಯ ಹೆಸರು ಹಿಡಿದು ಕರೆಯುತ್ತಾರೆ. ಮಕ್ಕಳು ಹೊಸ ಮಾತು ಕೇಳಿದರೆ ಮಾರನೇ ದಿನವೇ ಆಟದಲ್ಲಿ ಬಳಸುವವರು. ಆ ಮಾತಿನಿಂದ ಇನ್ನೊಬ್ಬರಿಗೆ ನೋವಾಗುತ್ತದೆ, ಹಾಗೆ ಹೀಯಾಳಿಸುವುದು ಇವತ್ತು ಕಾನೂನಿನಲ್ಲಿ ಅಪರಾಧವೂ ಹೌದು ಎಂದು ಅಲ್ಲೇ ನಿಲ್ಲಿಸಿ ಹೇಳಿ. ಹೊಳೆಯ ದೃಶ್ಯದಲ್ಲೂ ನಿಲ್ಲಿಸಿ, ಮಕ್ಕಳೇ ಮಾತಾಡಲಿ. ದಡದಲ್ಲಿ ನೀನಿದ್ದಿದ್ದರೆ ಎಂದು ಕೇಳಿ ಸುಮ್ಮನಾಗಿ. ಇಳಿದೇ ಇಳೀತಿದ್ದೆ ಅಂತಾರೆ. ಬೇರೆಯವರು ಬಿಡದಿದ್ದರೆ ಎಂದು ಇನ್ನೊಮ್ಮೆ ಕೇಳಿ.

ಸಿನಿಮಾ ಹಾಕುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೋ ಹಿತ್ತಲ ಬಾಗಿಲ ಪಕ್ಕವೋ ಬೋರಲು ಹಾಕಿದ ಬೇರೆ ಲೋಟ ಇದ್ದರೆ, ಅದನ್ನು ತೊಳೆದು ಉಳಿದ ಲೋಟಗಳ ಸ್ಟ್ಯಾಂಡಿಗೆ ಸೇರಿಸಿ. ಅತ್ತೆಯವರು ಗೊಣಗಬಹುದು. ‘ಮೈಲಿಗೆ’ ಎಂದು ಹೇಳಲು ಈಗ ಯಾರಿಗೂ ಬಾಯಿ ಬರುವುದಿಲ್ಲ, ‘ಕ್ಲೀನ್ ಇರಲ್ಲಮ್ಮಾ’ ಅಂತಾರೆ. ನಿಮ್ಮ ಪಾತ್ರೆ ತೊಳೆಯುವವರೇ ಅವರು ಎಂದು ಮೆಲ್ಲಗೆ ನೆನಪಿಸಿ. ಲೋಟ ಅಲ್ಲೇ ಇಟ್ಟುಕೊಂಡು ಸಿನಿಮಾ ತೋರಿಸಿದರೆ ಹನ್ನೆರಡು ವರ್ಷದ ಮಗು ಮೊದಲು ಕೇಳುವುದು ಅದನ್ನೇ, ಅದೂ ಅವರ ಎದುರಿಗೇ.

ರಾತ್ರಿ ಊಟದ ಹೊತ್ತಿಗೆ ಹಾಕಬೇಡಿ. ಮಧ್ಯಾಹ್ನ, ಎರಡು ದಿನ ಮಾಡಿಕೊಂಡು, ಅಪ್ಪಂದಿರನ್ನೂ ಕೂರಿಸಿಕೊಂಡು ನೋಡಿ. ಪ್ರಶ್ನೆಗಳಿಗೆಲ್ಲ ನೀವೊಬ್ಬರೇ ಉತ್ತರ ಹೇಳುತ್ತಾ ಕೂರಬೇಕಾಗಿಲ್ಲ.