ಮುಚ್ಚಿಟ್ಟು ಕೊಡುವ ದತ್ತು

ಪುಣೆಯಲ್ಲಿ ಶೆಲ್ಟರಿನಿಂದ ನಾಯಿಯೊಂದನ್ನು ದತ್ತು ಪಡೆಯಬೇಕೆಂದರೆ ಈಗ ಬಹಳಷ್ಟು ಕಡೆ ಆಧಾರ್ ಪ್ರತಿ ಕೊಡಬೇಕು, ಮನೆಯ ಫೋಟೋ ಕೊಡಬೇಕು. ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೆ, ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ ಎಂದೆಲ್ಲ ಬರೆದು ಸಹಿ ಹಾಕಬೇಕು. ಸ್ವಯಂಸೇವಕರೊಬ್ಬರು ಮನೆಗೇ ಬಂದು ಬಾಲ್ಕನಿಯ ಗ್ರಿಲ್ಲು ಅಲ್ಲಾಡಿಸಿ ನೋಡಿ ಹೋಗುತ್ತಾರೆ. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ದುಡಿದವನು ನಾನು. ನನಗೆ ಇದು ಕೆವೈಸಿಯ ಹಾಗೇ ಕಾಣುತ್ತದೆ, ತಕರಾರೇನೂ ಇಲ್ಲ. ನನ್ನ ತಕರಾರು ಬೇರೆ. ನಮ್ಮ ಜಾತಕವನ್ನು ಇಷ್ಟೊಂದು ಕೆದಕುವವರು ನಾಯಿಯ ಜಾತಕವನ್ನೇಕೆ ಕೊಡೋದಿಲ್ಲ?

ನಮ್ಮ ಸೊಸೈಟಿಯಲ್ಲಿ ಎಪ್ಪತ್ತು ದಾಟಿದ ಕನ್ನಡದ ದಂಪತಿಗಳಿದ್ದಾರೆ. ಮಗ ಪರದೇಶದಲ್ಲಿ. ಮನೆ ಬಿಕೋ ಅನ್ನುತ್ತದೆಂದು ಒಂದು ನಾಯಿ ತಂದರು. ಕೊಟ್ಟವರು ಹೇಳಿದ್ದು: ಎರಡು ವರ್ಷದ್ದು, ಲ್ಯಾಬ್ರಡಾರ್ ಬೆರಕೆ, ಬಲು ಸಾಧು, ಮಕ್ಕಳೆಂದರೆ ಪ್ರಾಣ. ಹಿಂದೆ ಯಾರನ್ನಾದರೂ ಕಚ್ಚಿದೆಯೇ ಎಂದು ಆ ತಾಯಿ ಕೇಳಿದ್ದರು. ಉತ್ತರವಾಗಿ ಸಿಕ್ಕಿದ್ದು ಒಂದು ನಗು. ಒಂಬತ್ತನೆಯ ದಿನ ಅದರ ತಟ್ಟೆ ಎತ್ತಲು ಬಗ್ಗಿದ ಮನೆಗೆಲಸದಾಕೆಯ ಮುಂಗೈಯನ್ನು ನಾಯಿ ಕಚ್ಚಿ ಹಿಡಿಯಿತು. ಡಾಕ್ಟರು ಹಲ್ಲು ನೋಡಿ ವಯಸ್ಸು ಆರೇಳು ವರ್ಷವಾದರೂ ಇದ್ದೀತು ಎಂದರು. ಲಸಿಕೆ ಕಾರ್ಡಿನಲ್ಲಿ ದಿನಾಂಕವಿತ್ತು, ಸೀಸೆಯ ಚೀಟಿಯೂ ಇಲ್ಲ, ಬ್ಯಾಚ್ ನಂಬರೂ ಇಲ್ಲ. ಆ ದಂಪತಿಗಳ ಜೊತೆಗೆ ನಾನೂ ಶೆಲ್ಟರಿಗೆ ಹೋದೆ. ಅಲ್ಲಿದ್ದ ಹುಡುಗನೊಬ್ಬ ಬಾಯಿತಪ್ಪಿ ಹೇಳಿಬಿಟ್ಟ: ಇದು ಎರಡು ಮನೆಯಿಂದ ವಾಪಸು ಬಂದ ನಾಯಿ, ಎರಡೂ ಕಡೆ ತಟ್ಟೆಯ ಹತ್ತಿರವೇ ಕಚ್ಚಿತ್ತು, ಈಗ ಸರಿಹೋಗಿರಬೇಕು ಅಂದುಕೊಂಡಿದ್ದೆವು.

ಆ ಮನೆಗೆಲಸದಾಕೆ ಕಲಬುರಗಿ ಕಡೆಯವಳು. ನಾಲ್ಕು ಮನೆ ಮಾಡುತ್ತಾಳೆ. ಗಾಯ ಆಳವಾಗಿತ್ತು. ಗಾಯದೊಳಗೇ ಚುಚ್ಚುವ ಇಮ್ಯುನೊಗ್ಲಾಬ್ಯುಲಿನ್ ಬೇರೆ ಬೇಕಾಯಿತು. ಆಮೇಲೆ ಲಸಿಕೆಗೆಂದು ಆಸ್ಪತ್ರೆಗೆ ಅಲೆದಾಟ, ಪಾತ್ರೆ ತಿಕ್ಕಲಾಗದೆ ಎರಡು ಮನೆಯ ಕೆಲಸ ಹೋಯಿತು. ಅವಳು ನನಗೆ ಹೇಳಿದ್ದು ಇಷ್ಟೇ: "ನಾಯಿ ಕಡದದಕ್ಕ ನಂಗ ಸಿಟ್ಟಿಲ್ರಿ ಸಾಹೇಬ್ರ. ಅದು ಕಡೀತದಂತ ಅವರಿಗಿ ಗೊತ್ತಿತ್ತಂತಲ್ರಿ, ಅದಕ್ಕ ಸಿಟ್ಟದ."

ಎರಡು ತಿಂಗಳ ನಂತರ ಅದೇ ನಾಯಿಯ ಫೋಟೋ ಇನ್ನೊಂದು ಶಿಬಿರದ ಭಿತ್ತಿಪತ್ರದಲ್ಲಿ ಕಂಡಿತು. ಹೆಸರು ಮಾತ್ರ ಹೊಸದು. ನಮ್ಮ ವೃತ್ತಿಯಲ್ಲಿ ಇದಕ್ಕೆ ಎವರ್‌ಗ್ರೀನಿಂಗ್ ಅನ್ನುತ್ತಾರೆ. ಮುಳುಗಿದ ಸಾಲಕ್ಕೆ ಹೊಸ ಸಾಲ ಕೊಟ್ಟು, ಹಳೆಯದು ತೀರಿತೆಂದು ಲೆಜರಿನಲ್ಲಿ ತೋರಿಸುವುದು. ಪುಸ್ತಕ ಹಸಿರಾಗಿಯೇ ಇರುತ್ತದೆ, ಒಳಗೆ ಮಾತ್ರ ಕೊಳೆಯುತ್ತದೆ.

ಊರಿನಲ್ಲಿ ಈ ಪಂಚಾಯಿತಿಯೇ ಇರಲಿಲ್ಲ. ನಮ್ಮ ಓಣಿಯ ನಾಯಿ ಯಾರದ್ದೂ ಅಲ್ಲ, ಎಲ್ಲರದ್ದೂ. ಯಾವುದು ಕಚ್ಚುತ್ತದೆ, ಯಾವುದು ಬರೀ ಬೊಗಳುತ್ತದೆ ಅನ್ನೋದು ಶಾಲೆಗೆ ಹೋಗುವ ಹುಡುಗರಿಗೂ ತಿಳಿದಿತ್ತು. ಸಣ್ಣ ಊರಿನ ಶಾಖೆಯಲ್ಲಿ ಸಾಲಗಾರನ ಅಪ್ಪನನ್ನೂ ಅಜ್ಜನನ್ನೂ ಮ್ಯಾನೇಜರು ಬಲ್ಲವನಾಗಿದ್ದ ಹಾಗೆ. ಪರಸ್ಥಳದಲ್ಲಿ ಎದುರು ಫ್ಲ್ಯಾಟಿನವರ ಹೆಸರೇ ನಮಗೆ ಗೊತ್ತಿರುವುದಿಲ್ಲ. ಇನ್ನು ನಾಯಿಯ ಪೂರ್ವಾಪರ ಹೇಗೆ ಗೊತ್ತಾಗಬೇಕು? ಕೊಡುವವರ ಬಾಯಿಮಾತೊಂದೇ ಗತಿ. ಹಾಗಿರುವಾಗ ಆ ಮಾತು ಚೊಕ್ಕಟವಾಗಿರಬೇಕೋ ಬೇಡವೋ, ನೀವೇ ಹೇಳಿ.

"ನಿಜ ಹೇಳಿದರೆ ಯಾರೂ ತಗೊಳ್ಳಲ್ಲ ಅಂಕಲ್, ಪಾಪ ಅದು ಪಂಜರದಲ್ಲೇ ಸಾಯುತ್ತೆ" ಎಂದು ಅಲ್ಲಿನ ಹುಡುಗಿ ನನಗೆ ತಿಳಿಹೇಳಿದಳು. ಒಳ್ಳೆಯ ಹುಡುಗಿ. ರಜೆಯ ದಿನವೆಲ್ಲ ನಾಯಿಗಳ ಹುಣ್ಣು ತೊಳೆಯುತ್ತಾಳೆ. ಆದರೆ ಆ ವಾದ ನನಗೆ ಹೊಸದಲ್ಲ. ಎಂಕಾಂ ಓದುವಾಗ 1872ರ ಕರಾರು ಕಾಯ್ದೆಯ 17ನೇ ಕಲಮಿನಲ್ಲಿ ಒಂದು ಕುದುರೆ ಬರುತ್ತಿತ್ತು. ಕುದುರೆಗೆ ಐಬಿದೆಯೆಂದು ಮಾರುವವನಿಗೆ ಗೊತ್ತು, ಹರಾಜಿನಲ್ಲಿ ಸುಮ್ಮನಿದ್ದಾನೆ. ಕಾಯ್ದೆಯ ಪ್ರಕಾರ ಅದು ವಂಚನೆಯಲ್ಲ. ಅಷ್ಟಕ್ಕೇ ಪುಸ್ತಕ ಮುಚ್ಚುವವರು ಬಹಳ. ಮುಂದಿನ ಎರಡು ದೃಷ್ಟಾಂತಗಳನ್ನೂ ಓದಬೇಕು. ಕೊಳ್ಳುವವಳು ಅವನ ಮಗಳೇ ಆಗಿದ್ದು, ಆಗಷ್ಟೇ ವಯಸ್ಸಿಗೆ ಬಂದವಳಾಗಿದ್ದರೆ, ಐಬನ್ನು ಹೇಳುವುದು ಅವನ ಕರ್ತವ್ಯ. ಕೊಳ್ಳುವವನು "ನೀನು ಇಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದೇ ತಿಳಿಯುತ್ತೇನೆ" ಎಂದ ಮೇಲೂ ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ.

ಶೆಲ್ಟರಿನವರೇ ಹೇಳುತ್ತಾರಲ್ಲ, ನಾವು ಮಾರುವವರಲ್ಲ, ಇದು ಬೆಲೆಯಲ್ಲ ದೇಣಿಗೆ, ಇನ್ನು ನೀವೂ ನಮ್ಮ ಕುಟುಂಬವೇ ಎಂದು. ಕುಟುಂಬವೆಂದ ಮೇಲೆ ಹರಾಜಿನ ಮೌನ ನಿಮಗೆ ದಕ್ಕುವುದಿಲ್ಲ ಸ್ವಾಮಿ. ಮಗಳಿಗೆ ಹೇಳಬೇಕಾದ್ದನ್ನೆಲ್ಲ ನಮಗೂ ಹೇಳಬೇಕು. ಕಚ್ಚುತ್ತದೆಯೇ ಎಂದು ಕೇಳಿದಾಗ ನಕ್ಕು ಸುಮ್ಮನಾದದ್ದು ಮೂರನೆಯ ದೃಷ್ಟಾಂತಕ್ಕೆ ಸೇರುತ್ತದೆ.

ಮರಿಗಳ ವಿಷಯ ಇನ್ನೂ ಕೆಟ್ಟದ್ದು. ಪಾರ್ವೋ ಎಂಬ ಕಾಯಿಲೆ ಮೈಗೆ ಸೇರಿ ರಕ್ತಭೇದಿಯಾಗಿ ಹೊರಬೀಳಲು ಕೆಲವು ದಿನಗಳಿಂದ ಎರಡು ವಾರದವರೆಗೆ ಬೇಕು. ಜೊತೆಗೆ ಹುಟ್ಟಿದ ಮರಿಗಳು ಸತ್ತಿದ್ದರೂ, ಉಳಿದದ್ದು ಇಂದು ಚುರುಕಾಗಿದೆಯೆಂದು ಮಗುವಿನ ಕೈಗೆ ಇಡುತ್ತಾರೆ. ವಾರದಲ್ಲಿ ಮರಿ ಹೋಗುತ್ತದೆ. ನೆಲದಲ್ಲಿ ಆ ವೈರಸ್ಸು ತಿಂಗಳುಗಟ್ಟಲೆ ಉಳಿಯುತ್ತದೆಂಬುದನ್ನೂ ಹೇಳದಿದ್ದರೆ, ಅಳುವ ಮಗುವನ್ನು ಸಮಾಧಾನ ಮಾಡಲು ತಂದ ಎರಡನೆಯ ಮರಿಗೂ ಅದೇ ಗತಿ.

ಶೆಲ್ಟರುಗಳ ಮೇಲಿರುವ ಒತ್ತಡ ನನಗೆ ಕಾಣುವುದಿಲ್ಲವೆಂದಲ್ಲ. 2019ರ ಜಾನುವಾರು ಗಣತಿಯಲ್ಲೇ ದೇಶದ ಬೀದಿನಾಯಿಗಳು ಸುಮಾರು 1.53 ಕೋಟಿ. ಸುಪ್ರೀಂ ಕೋರ್ಟು 2025ರ ಆಗಸ್ಟ್ 22ರಂದು, ಬೀದಿನಾಯಿಯನ್ನು ದತ್ತು ಪಡೆಯಬಯಸುವವರು ನಗರಪಾಲಿಕೆಗೆ ಅರ್ಜಿ ಹಾಕಬಹುದು, ಆದರೆ ಆ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಅವರ ಹೊಣೆ ಎಂದಿತು. ಅದೇ ವರ್ಷದ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ಸು ಮತ್ತು ರೈಲು ನಿಲ್ದಾಣಗಳ ಆವರಣದ ನಾಯಿಗಳನ್ನು ಶೆಲ್ಟರಿಗೆ ಸಾಗಿಸಿ, ಅಲ್ಲಿಗೇ ಮತ್ತೆ ಬಿಡಬಾರದೆಂದು ಆದೇಶಿಸಿತು. ಅಂದರೆ ಪಂಜರಗಳು ತುಂಬುತ್ತವೆ, ಖಾಲಿ ಮಾಡುವ ಆತುರವೂ ಹೆಚ್ಚುತ್ತದೆ. ಆತುರ ಹೆಚ್ಚಿದಷ್ಟೂ ಮುಚ್ಚಿಡುವ ಆಸೆಯೂ ಬೆಳೆಯುತ್ತದೆ. ಪಡೆಯುವವನ ತಲೆಗೆ ನಾಯಿಯ ಆಯುಸ್ಸಿನಷ್ಟು ದೀರ್ಘ ಹೊಣೆ ಕಟ್ಟುವಾಗ, ಕೊಡುವವನಿಗೆ ಒಂದು ಹಾಳೆಯಷ್ಟಾದರೂ ಹೊಣೆ ಬೇಡವೇ?

ನಮ್ಮ ಕಡೆಯವರೂ ಸಾಚಾ ಅಲ್ಲ ಬಿಡಿ. ಬಾಡಿಗೆ ಮನೆಯಲ್ಲಿದ್ದು ಸ್ವಂತದ್ದು ಅನ್ನುವವರಿದ್ದಾರೆ. ವರ್ಗದ ಆದೇಶ ಜೇಬಿನಲ್ಲಿಟ್ಟುಕೊಂಡು ಮಕ್ಕಳ ಹಟಕ್ಕೆ ಮರಿ ತಂದು, ಆರು ತಿಂಗಳಿಗೆ ಗೇಟಿನ ಹೊರಗೆ ಕಟ್ಟಿ ಹೋದವರನ್ನೂ ಕಂಡಿದ್ದೇನೆ. ಅವರನ್ನು ಪ್ರಶ್ನಿಸಲು ಶೆಲ್ಟರಿನ ಹತ್ತಿರ ಸಹಿಯಾದ ಕಾಗದವಾದರೂ ಇದೆ. ನಮ್ಮ ಹತ್ತಿರ ಏನೂ ಇಲ್ಲ.

ನಿಜ ಹೇಳಿದರೆ ಯಾರೂ ಒಯ್ಯುವುದಿಲ್ಲ ಅನ್ನುವುದೂ ಪೂರ್ತಿ ಸುಳ್ಳೇ. ನಮ್ಮದೇ ಬಿ ವಿಂಗಿನಲ್ಲಿ ರೈಲ್ವೆಯಿಂದ ನಿವೃತ್ತರಾದ ಮರಾಠಿ ಗೃಹಸ್ಥರು ಮೂರ್ಛೆರೋಗದ ನಾಯಿಯನ್ನು ಸಾಕಿದ್ದಾರೆ. ಬೇರೊಂದು ಶೆಲ್ಟರಿನವರು ಎಲ್ಲ ಹೇಳಿಯೇ ಕೊಟ್ಟರಂತೆ: ದಿನಕ್ಕೆರಡು ಹೊತ್ತು ಗುಳಿಗೆ, ತಪ್ಪಿದರೆ ಫಿಟ್ಸು, ಬಂದಾಗ ಬಾಯಿಗೆ ಕೈ ಹಾಕಬೇಡಿ. ಅವರು ಎರಡು ದಿನ ಯೋಚಿಸಿ ಒಯ್ದರು. ಇಂದಿಗೂ ಬೆಳಿಗ್ಗೆ ಏಳಕ್ಕೆ ಬೆಲ್ಲದುಂಡೆಯಲ್ಲಿ ಗುಳಿಗೆ ಇಟ್ಟು ಕೊಡುತ್ತಾರೆ. ತಟ್ಟೆ ಮುಟ್ಟಿದರೆ ಕಚ್ಚುವ ನಾಯಿಗೂ ಒಂದು ಮನೆ ಇದ್ದೀತು. ಚಿಕ್ಕ ಮಕ್ಕಳಿಲ್ಲದ, ಅದು ಉಣ್ಣುವಾಗ ಬಾಗಿಲು ಮುಂದೆಮಾಡಿಕೊಳ್ಳುವಷ್ಟು ತಾಳ್ಮೆಯಿರುವ ಮನೆ. ಮುಚ್ಚಿಟ್ಟು ಕೊಟ್ಟರೆ ಆ ಮನೆ ಅದಕ್ಕೆ ಸಿಗುವುದಾದರೂ ಹೇಗೆ? ಮೂರು ಸಲ ತಿರುಗಿ ಬಂದ ಆ ನಾಯಿ ಒಮ್ಮೆಯೂ ತನಗೆ ತಕ್ಕ ಮನೆಗೆ ಹೋಗಲೇ ಇಲ್ಲ.

ಈ ಶಿಬಿರಗಳು ನಡೆಯುವುದು ನಮ್ಮಂಥ ಸೊಸೈಟಿಗಳ ಅಂಗಳದಲ್ಲಿ. ಅದಕ್ಕೇ ನಮ್ಮ ಸಮಿತಿಗೆ ಒಂದು ಅರ್ಜಿ ಕೊಟ್ಟಿದ್ದೇನೆ. ನಾಯಿ ಎಲ್ಲಿಂದ ಬಂತು, ಎಷ್ಟು ಸಲ ವಾಪಸಾಯಿತು, ಏಕೆ, ಯಾರನ್ನು ಯಾವ ಸಂದರ್ಭದಲ್ಲಿ ಕಚ್ಚಿತು, ಬಂದುಹೋದ ಕಾಯಿಲೆಗಳು ಯಾವುವು, ಎಂದು ಬರೆದು ಸಹಿ ಹಾಕಿದ ಹಾಳೆಯನ್ನು ಪ್ರತಿ ನಾಯಿಯ ಜೊತೆಗೂ ಕೊಡುವವರಿಗೆ ಮಾತ್ರ ಅಂಗಳ ಕೊಡಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಲಿ, ಅದಕ್ಕೇನು ಅಡ್ಡಿಯಿಲ್ಲ. "ಸೇವೆ ಮಾಡುವವರಿಗೂ ನಿಮ್ಮ ಆಡಿಟ್ಟೇ?" ಎಂದು ಕಾರ್ಯದರ್ಶಿ ನಕ್ಕರು. ದೇವಸ್ಥಾನದ ಹುಂಡಿಗೂ ಆಡಿಟ್ಟಿದೆ ಎಂದೆ. ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಇದು ಆರನೆಯದು, ಲಿಫ್ಟು ರಿಪೇರಿಯ ನಂತರ.