ಅರ್ಜಿಯ ಆ ಒಂದು ಕಾಲಂ

ಕಳೆದ ವರ್ಷ ಧಾರವಾಡದ ಸಪ್ತಾಪುರದ ಸೈಬರ್ ಸೆಂಟರ್‌ ಒಂದರಲ್ಲಿ ಕುಳಿತು ಸರ್ಕಾರಿ ಹುದ್ದೆಗೆ ಅರ್ಜಿ ತುಂಬುತ್ತಿದ್ದೆ. ಹೆಸರು, ಅಂಕ, ಊರು ಸುರೇಬಾನ, ತಾಲ್ಲೂಕು ರಾಮದುರ್ಗ... ಎಲ್ಲ ಸರಸರ ಮುಗಿಯಿತು. ಮೀಸಲಾತಿ ಕಾಲಂಗೆ ಬಂದಾಗ ಕೈ ನಿಂತಿತು. ಪಕ್ಕದಲ್ಲಿದ್ದ ಗೆಳತಿ, ‘ಹಳೇ ಸರ್ಟಿಫಿಕೇಟ್ ಐತೆಲ್ಲ, ಎಸ್‌ಸಿ ಅಂತ ಹಾಕವಾ. ಯಾರ್ ಬಂದ್ ನೋಡ್ತಾರ?’ ಎಂದಳು.

ನಾನು ಹುಟ್ಟುವ ಮೊದಲೇ ಅಪ್ಪ–ಅವ್ವ ಕ್ರೈಸ್ತರಾಗಿದ್ದರು. ಆದರೂ ನನ್ನನ್ನು ಶಾಲೆಗೆ ಸೇರಿಸುವಾಗ ಅಪ್ಪ ಹಳೆಯ ಧರ್ಮ, ಹಳೆಯ ಜಾತಿಯನ್ನೇ ಬರೆಸಿದ್ದರು. ಆ ಕಾಗದ ಟ್ರಂಕಿನಲ್ಲಿ ಭದ್ರವಾಗಿದೆ. ಪ್ರತಿ ಭಾನುವಾರ ಪ್ರಾರ್ಥನೆಗೆ ಹೋಗುವ ನಾನು, ಕಾಗದದಲ್ಲಿ ಬೇರೆಯೇ ಹುಡುಗಿ. ಇಂಥ ಎರಡು ಬದುಕಿನ ಮನೆಗಳು ನಮ್ಮ ಭಾಗದಲ್ಲಿ ಕಡಿಮೆಯೇನಿಲ್ಲ.

ಇದಕ್ಕೆ ಕಾರಣ 1950ರ ಪರಿಶಿಷ್ಟ ಜಾತಿಗಳ ಆದೇಶ. ಮೊದಲು ಹಿಂದೂಗಳಿಗೆ, 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಆ ಸ್ಥಾನ ಸಿಕ್ಕಿತು. ಕ್ರೈಸ್ತರಾದ, ಮುಸ್ಲಿಮರಾದ ದಲಿತರಿಗೆ ಇಲ್ಲ. ಕರ್ನಾಟಕದಲ್ಲಿ ನಮ್ಮಂಥವರು ಬರುವುದು ಪ್ರವರ್ಗ 1ರಲ್ಲಿ. ಅದಕ್ಕಿರುವ ಶೇ 4ರಷ್ಟು ಮೀಸಲಾತಿಯನ್ನು ಅಲೆಮಾರಿಗಳೂ ಸೇರಿ ಹತ್ತಾರು ಸಮುದಾಯಗಳು ಹಂಚಿಕೊಳ್ಳಬೇಕು. ನಷ್ಟ ನೌಕರಿಯದ್ದಷ್ಟೇ ಅಲ್ಲ. ಪರಿಶಿಷ್ಟರಿಗೆ ಮೀಸಲಾದ ಪಂಚಾಯಿತಿ ಸ್ಥಾನಕ್ಕೆ ನಿಲ್ಲುವಂತಿಲ್ಲ, ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಇಲ್ಲ.

ಧರ್ಮ ಬದಲಾದರೆ ಜಾತಿ ಹೋಗುತ್ತದೆ ಎಂಬುದು ಈ ಆದೇಶದ ಹಿಂದಿನ ನಂಬಿಕೆ. ಅವ್ವ ಕೂಲಿಗೆ ಹೋಗಿದ್ದ ಒಂದು ಹೊಲದಲ್ಲಿ ಕುಡಿಯುವ ನೀರನ್ನು ಮೇಲಿನಿಂದ ಬೊಗಸೆಗೆ ಸುರಿದರು. ಅವಳ ದೇವರು ಯಾರೆಂದು ಅಲ್ಲಿ ಯಾರೂ ಕೇಳಲಿಲ್ಲ. ನಮ್ಮೂರ ಹತ್ತಿರವೇ ಶಬರಿಕೊಳ್ಳವಿದೆ. ಶಬರಿ ಕಚ್ಚಿ ನೋಡಿ ಕೊಟ್ಟ ಹಣ್ಣನ್ನು ರಾಮ ತಿಂದ ಕಥೆಯನ್ನು ಕೇಳುತ್ತಲೇ ಬೆಳೆದವಳು ನಾನು. ಆ ಕಥೆ ಗೊತ್ತಿದ್ದೂ ನೀರು ಮಾತ್ರ ಮೇಲಿನಿಂದಲೇ ಬೀಳುತ್ತದೆ. ಸಭೆಯಲ್ಲಾದರೂ ಜಾತಿ ಇಲ್ಲವೆಂದರೆ ಅದೂ ಸುಳ್ಳೇ. ಸಂಬಂಧ ಕೇಳಲು ಬಂದವರು ಮೆಲ್ಲಗೆ ಜಾತಿ ವಿಚಾರಿಸಿಯೇ ಮುಂದಿನ ಮಾತಾಡುತ್ತಾರೆ.

ಅಂದಮೇಲೆ ಅನ್ಯಾಯದ ಕಾನೂನಿಗೆ ಒಂದು ಸಣ್ಣ ಸುಳ್ಳು ಹೇಳಿದರೆ ತಪ್ಪೇನು? ಅನೇಕ ದಿನ ನನ್ನನ್ನು ಕಾಡಿದ ಪ್ರಶ್ನೆ ಇದು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪುದುಚೇರಿಯ ಮಹಿಳೆಯೊಬ್ಬರ ಪ್ರಕರಣದಲ್ಲಿ, ಕ್ರೈಸ್ತ ಧರ್ಮ ಪಾಲಿಸುತ್ತಾ ಮೀಸಲಾತಿಗಾಗಿ ಮಾತ್ರ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದಿತು. ಅವರು ಕೇಳಿದ್ದು ಗುಮಾಸ್ತೆ ಹುದ್ದೆ, ನಾನು ಕೇಳುತ್ತಿರುವಂಥದ್ದೇ. ಹೆದರಿಕೆಯಾಯಿತು, ನಿಜ. ಆದರೆ ನನ್ನ ಕೈ ತಡೆದದ್ದು ಹೆದರಿಕೆ ಅಲ್ಲ, ಪೇತ್ರನ ಕಥೆ. ಯೇಸುವನ್ನು ಹಿಡಿದೊಯ್ದ ರಾತ್ರಿ ಬೆಂಕಿ ಕಾಯಿಸುತ್ತಾ ನಿಂತಿದ್ದ ಪೇತ್ರನನ್ನು ಒಬ್ಬ ಕೆಲಸದ ಹುಡುಗಿ ಗುರುತು ಹಿಡಿಯುತ್ತಾಳೆ. ಅವನು ಕೋಳಿ ಕೂಗುವುದರೊಳಗೆ ಮೂರು ಸಲ, ಆತ ಯಾರೋ ಗೊತ್ತಿಲ್ಲ ಅನ್ನುತ್ತಾನೆ. ಅರ್ಜಿಯ ಕಾಲಂ ನನಗೆ ಆ ಹುಡುಗಿಯ ಪ್ರಶ್ನೆಯಂತೆಯೇ ಕಂಡಿತು.

ಅವ್ವನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೌಕರಿ ಬೇಕವಾ ನಮಗ. ಆದ್ರ ನೀ ಅಂಜಕೋಂತ ನೌಕರಿ ಮಾಡೂದು ಬ್ಯಾಡ’ ಎಂದಳು. ಆ ದಿನ ಅರ್ಜಿ ತುಂಬದೆ ಎದ್ದೆ. ನಾಡಕಚೇರಿಯಲ್ಲಿ ಪ್ರವರ್ಗ 1ರ ಪ್ರಮಾಣಪತ್ರ ಮಾಡಿಸಿಕೊಂಡು, ಕೊನೆಯ ದಿನಾಂಕದೊಳಗೆ ಅರ್ಜಿ ಹಾಕಿದೆ.

ಹಳೆಯ ಕಾಗದವನ್ನೇ ಇಟ್ಟುಕೊಂಡವರನ್ನು ನಾನು ದೂರುವುದಿಲ್ಲ. ಅವರ ಮನೆಯ ಒಲೆಯ ಕಷ್ಟ ನನಗೂ ಗೊತ್ತು. ಪೇತ್ರನನ್ನು ಯೇಸು ಕೈಬಿಡಲಿಲ್ಲ. ಆದರೆ ಒಂದು ಮಾತನ್ನು ಅವರೂ ಯೋಚಿಸಬೇಕು. ಧರ್ಮ ನೋಡದೆ ಪರಿಶಿಷ್ಟ ಸ್ಥಾನ ಕೊಡಿ ಎಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಶಿಫಾರಸು ಮಾಡಿತ್ತು. ಇದೇ ವಿಷಯ ಪರಿಶೀಲಿಸಲು 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ರಚನೆಯಾಯಿತು. ಆಯೋಗಗಳು ಕೇಳುವುದು ಲೆಕ್ಕ: ಎಷ್ಟು ಮಂದಿ ಇದ್ದಾರೆ, ಅವರ ಸ್ಥಿತಿ ಹೇಗಿದೆ? ನಾವೇ ಕಾಗದದಲ್ಲಿ ಅಡಗಿ ಕುಳಿತರೆ ನಮ್ಮ ನೋವು ಯಾವ ಲೆಕ್ಕಕ್ಕೆ ಬರುತ್ತದೆ? ಇಲ್ಲದವರಿಗಾಗಿ ಯಾವ ಸರ್ಕಾರವೂ ಕಾನೂನು ಬದಲಿಸುವುದಿಲ್ಲ. ಅನ್ಯಾಯವನ್ನು ಅನ್ಯಾಯವೆಂದು ಹೇಳಲು ಮೊದಲು ನಾವು ಯಾರೆಂದು ಹೇಳಬೇಕು. ವೇದಿಕೆಯ ಮೇಲೆ ಸತ್ಯವನ್ನು ಬೋಧಿಸಿ, ಕೆಳಗಿಳಿದ ಮೇಲೆ ‘ಹಳೇ ಪತ್ರಾನೇ ಇರಲಿ’ ಎನ್ನುವ ನಮ್ಮ ಹಿರಿಯರೂ ಇದನ್ನು ಯೋಚಿಸಲಿ. ಅರ್ಜಿ ಬರೆಯಲು, ಆಯೋಗದ ಮುಂದೆ ಹೇಳಿಕೆ ಕೊಡಲು ಯುವಕರ ಜೊತೆ ಬರಲಿ.

ಆ ನೌಕರಿ ನನಗೆ ಸಿಗಲಿಲ್ಲ. ಹಳೆಯ ಕಾಗದ ಕೊಟ್ಟಿದ್ದರೆ ಸಿಗುತ್ತಿತ್ತೇನೋ. ಪಟ್ಟಿ ಬಂದ ದಿನ ಅತ್ತಿದ್ದೂ ಹೌದು. ಈಗ ಮತ್ತೊಂದು ಪರೀಕ್ಷೆಗೆ ಓದುತ್ತಿದ್ದೇನೆ. ಕಾಲಂಗೆ ಬಂದಾಗ ಈ ಸಲ ಕೈ ನಿಲ್ಲಲಿಲ್ಲ.